ಎರಡು ಎಣ್ಣೆಯ ಮನೆ

ಗಂಡ ಎಣ್ಣೆ ಬಿಟ್ಟ, ಹೆಂಡತಿ ಎಣ್ಣೆ ಹಿಡಿದಳು ಎಂದು ಆ ಬೀದಿಯಲ್ಲಿ ಒಂದು ಮಾತು ಓಡಾಡುತ್ತಿತ್ತು. ಮೊದಲು ಹೇಳಿದವನು ಮೂಲೆಯ ಕ್ಷೌರದಂಗಡಿಯವನು. ಕತ್ತರಿ ಆಡಿಸುವವನ ಬಾಯಿಯೂ ಸುಮ್ಮನಿರುವುದಿಲ್ಲವಲ್ಲ, ತಲೆ ಕೊಟ್ಟು ಕೂತವರಿಗೆಲ್ಲ ಹೇಳಿದ. ಮಾತು ಬೀದಿ ಸುತ್ತಿ ಅವಳ ಕಿವಿಗೂ ಬಂತು. ಅವಳು ನಕ್ಕಳು. ಕೆಲವು ವರ್ಷಗಳ ಹಿಂದೆ ಆಗಿದ್ದರೆ ಬಾಗಿಲು ಹಾಕಿಕೊಂಡು ಅಳುತ್ತಿದ್ದಳು. ಈಗ ನಗು ಬಂತೆಂದರೆ ಕಷ್ಟ ಕಳೆಯಿತು ಎಂದೇ ಲೆಕ್ಕ ಎಂದುಕೊಂಡಳು.

ಗಂಡ ಬೋರ್ಡ್ ಬರೆಯುವವನು. ಅಂಗಡಿಗಳ ಹೆಸರು, ಬಸ್ಸುಗಳ ಹಣೆಪಟ್ಟಿ, ಗೋಡೆ ಮೇಲಿನ ಜಾಹೀರಾತು, ಏನೇ ಇರಲಿ, ಸ್ಕೇಲು ಹಿಡಿಯದೆ, ದಾರ ಕಟ್ಟದೆ ಬರಿಗೈಯಲ್ಲಿ ನೇರ ಗೆರೆ ಎಳೆಯುತ್ತಿದ್ದ. ಅದಕ್ಕೇ ಎಲ್ಲರೂ ಅವನನ್ನು ಗೆರೆಯಣ್ಣ ಅನ್ನುತ್ತಿದ್ದರು. ಕುಡಿತ ಹಿಡಿದ ಮೇಲೆ ಆ ಗೆರೆ ಹಾವಿನಂತೆ ಹರಿದಾಡತೊಡಗಿತು. ಒಂದು ಶಾಲೆಯ ಬೋರ್ಡಿನಲ್ಲಿ ವಿದ್ಯೆಯ ಒತ್ತನ್ನೇ ನುಂಗಿದ. ಮಕ್ಕಳು ನಕ್ಕರು, ಮೇಷ್ಟ್ರು ಬೈದರು, ಕೆಲಸ ಕೊಡುವವರು ಒಬ್ಬೊಬ್ಬರಾಗಿ ಬೇರೆಯವರನ್ನು ಹುಡುಕಿಕೊಂಡರು.

ಆ ವರ್ಷಗಳಲ್ಲಿ ಅವಳು ಕಲಿತ ವಿದ್ಯೆಗಳು ಒಂದೆರಡಲ್ಲ. ಗೇಟಿನ ಚಿಲಕ ತೆಗೆಯುವ ಸದ್ದಿನಲ್ಲೇ ಎಷ್ಟು ಕುಡಿದಿದ್ದಾನೆ ಎಂದು ತಿಳಿಯುತ್ತಿದ್ದಳು. ಬೆಳಿಗ್ಗೆ ಎದ್ದು ತಂಬಿಗೆಗಟ್ಟಲೆ ನೀರು ಕುಡಿದರೆ ಹಿಂದಿನ ದಿನದ್ದು ಜಾಸ್ತಿಯಾಗಿದೆ ಎಂದರ್ಥ. ಬಾಯಿಯಲ್ಲಿ ಹಸಿ ಬೆಳ್ಳುಳ್ಳಿ ಘಾಟು ಬಂದರೆ ಅದರಡಿಯಲ್ಲಿ ಬೇರೊಂದು ವಾಸನೆ ಅಡಗಿದೆ ಎಂದರ್ಥ. ಕುಡಿದದ್ದು ಗೊತ್ತಾಗಬಾರದೆಂದು ಅವನು ಬೆಳ್ಳುಳ್ಳಿ ಎಸಳು ಅಗಿದುಕೊಂಡೇ ಮನೆಗೆ ಬರುತ್ತಿದ್ದ. ಹೊಸ್ತಿಲಲ್ಲೇ ತಡೆದು "ಎಲ್ಲಿ, ಬಾಯಿ ಊದು" ಅನ್ನುತ್ತಿದ್ದಳು. ಬೇರೆ ಹೊತ್ತಿನಲ್ಲಿ 'ರೀ', 'ನೀವು' ಅನ್ನುವವಳು ಆ ಒಂದು ಗಳಿಗೆ ಏಕವಚನಕ್ಕಿಳಿಯುತ್ತಿದ್ದಳು. ಊದಿದ ಮೇಲೆ, ಹಿತ್ತಲಲ್ಲಿ ಅವನು ಬಣ್ಣದ ಡಬ್ಬಿ, ಹಲಗೆಗಳನ್ನಿಡುವ ಶೆಡ್ಡಿನ ಕಡೆ ಕೈ ತೋರಿಸುತ್ತಿದ್ದಳು. ಇಳಿಯುವವರೆಗೂ ಅಲ್ಲೇ ಬಿದ್ದಿರಬೇಕು. ಅದು ಮನೆಯ ಕಾನೂನು.

ಅಂಥವನು ಬಿಟ್ಟ. ಒಂದು ದಿನ ಏಣಿಯಿಂದ ಬಿದ್ದು, ಕೈ ಮುರಿಯದೆ ಉಳಿದದ್ದೇ ದೊಡ್ಡದು ಎಂದು ಹೆದರಿ ಬಿಟ್ಟ. ಮೊದಮೊದಲು ಯಾರೂ ನಂಬಲಿಲ್ಲ. ಅವಳ ಅಣ್ಣ, ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವವನು, ಪ್ರಪಂಚದಲ್ಲಿ ಅರ್ಧ ಜನ ಟಿಕೆಟ್ಟಿಲ್ಲದೆ ಓಡಾಡುತ್ತಾರೆ ಎಂದು ನಂಬಿದವನು, "ನಾಯಿ ಬಾಲ ನಳಿಗೇಲಿ ಹಾಕಿದ್ದೀಯ, ತೆಗೆದಾಗ ನೋಡೋಣ" ಅಂದ. ಅವಳು ದಿನಾ ಸಂಜೆ ಬಾಯಿ ಊದಿಸುವುದನ್ನು ಬಿಡಲಿಲ್ಲ. ಅವನು ಬೇಸರವಿಲ್ಲದೆ ಊದುತ್ತಿದ್ದ. ಒಂದು ಸಂಜೆ ಏನೋ ಕೆಲಸದಲ್ಲಿ ಮರೆತಳು. ಊಟಕ್ಕೆ ಕೂತಾಗ ಅವನು ಮೆಲ್ಲಗೆ, "ಇವತ್ತು ನೀನು ಊದಿಸಲಿಲ್ಲ" ಅಂದ. ಬಹುಮಾನ ಬಂದವನ ಮುಖವಾಗಿತ್ತು ಅದು. ಅಂದಿನಿಂದ ಅವಳು ಕೇಳಲಿಲ್ಲ.

ಅವಳ ಎಣ್ಣೆ ಶುರುವಾದದ್ದು ಆಮೇಲೆ. ಅವಳು ಟಿಕೆಟ್ ಕೊಡುತ್ತಿದ್ದ ಸಿನಿಮಾ ಮಂದಿರ ಮುಚ್ಚಿತು. ಕಿಟಕಿಯೊಳಗೆ ಕೂತು ಅಭ್ಯಾಸವಾದ ಕೈಗೆ ಸುಮ್ಮನಿರಲು ಬರಲಿಲ್ಲ. ಒಣಮೆಣಸಿನಕಾಯಿ ಚೂರು ಮಾಡಿ ಸೂರ್ಯಕಾಂತಿ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿ, ಆರಿಸಿ, ತೆಳು ಬಟ್ಟೆಯಲ್ಲಿ ಸೋಸಿ ಒಂದು ಬಾಟಲಿ ತುಂಬಿಟ್ಟಳು. ಬೇಯಿಸಿದ ಆಲೂಗಡ್ಡೆಯ ಮೇಲೆ ಒಂದು ಚಮಚ ಹಾಕಿಕೊಂಡ ಗಂಡ ತಟ್ಟೆ ನೆಕ್ಕಿದ. ಪಕ್ಕದ ಮನೆಯವಳು ಕೇಳಿದಳು, ಅವಳ ತಂಗಿ ಕೇಳಿದಳು. ಆಮೇಲೆ ನಿಂಬೆ ಸಿಪ್ಪೆಯದ್ದು. ಸಿಪ್ಪೆಯ ಒಳಗಿನ ಬಿಳಿ ಭಾಗ ತೆಗೆಯದಿದ್ದರೆ ಎಣ್ಣೆ ಕಹಿಯಾಗುತ್ತದೆ ಎನ್ನುವುದನ್ನು ಒಂದು ಬಾಟಲಿ ಚೆಲ್ಲಿ ಕಲಿತಳು. ಕರಿಮೆಣಸಿನದ್ದು, ಸೋಂಪಿನದ್ದು. ಬಾಟಲಿಗಳನ್ನು ನೀರಲ್ಲಿ ಕುದಿಸಿ, ಬಟ್ಟೆಯ ಮೇಲೆ ಬೋರಲು ಹಾಕಿ, ಒಳಗೆ ಒಂದು ಹನಿ ತೇವ ಉಳಿಯದಂತೆ ಬಿಸಿಲಲ್ಲಿ ಒಣಗಿಸುತ್ತಿದ್ದಳು. ಬೆಳ್ಳುಳ್ಳಿ ಎಣ್ಣೆಯನ್ನು ಮಾತ್ರ ಮನೆಗೆಂದು ಮಾಡುತ್ತಿದ್ದಳು. ಎಸಳು ಹೊಂಬಣ್ಣಕ್ಕೆ ತಿರುಗುವವರೆಗೆ ಕಾಯಿಸಿ, ಎಸಳನ್ನೆಲ್ಲ ಸೋಸಿ ತೆಗೆದು, ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸುವ ಎಣ್ಣೆ ಅದು.

ಬಾಟಲಿಗೆ ಚೀಟಿ ಬರೆಯುವವನು ಗೆರೆಯಣ್ಣನೇ. ಅಚ್ಚು ಹಾಕಿಸಿದರೆ ಆಗದೇ ಎಂದರೆ ಕೇಳುತ್ತಿರಲಿಲ್ಲ. "ನಿನ್ನ ಎಣ್ಣೆಗೆ ಅಚ್ಚಿನ ಅಕ್ಷರ ಹಚ್ಚಿದ್ರೆ ಮದುಮಗಳಿಗೆ ಬಾಡಿಗೆ ಸೀರೆ ಉಡಿಸಿದ ಹಾಗೆ" ಎಂದು, ಸಣ್ಣ ಕುಂಚ ಹಿಡಿದು, ನಾಲಗೆಯ ತುದಿ ಕಚ್ಚಿಕೊಂಡು ಒಂದೊಂದೇ ಬರೆಯುತ್ತಿದ್ದ. ರುಚಿ ನೋಡುವವನೂ ಅವನೇ. ಇಡೀ ದಿನ ಎಣ್ಣೆಯ ಆವಿಯಲ್ಲಿ ನಿಂತವಳಿಗೆ ಅದನ್ನು ಬಾಯಿಗಿಡಲು ಮನಸ್ಸಾಗುತ್ತಿರಲಿಲ್ಲ. ಮಿಠಾಯಿ ಮಾಡುವವನಿಗೆ ಸಿಹಿ ಬೇಡ ಅನ್ನುತ್ತಾರಲ್ಲ, ಹಾಗೆ.

ದೊಡ್ಡ ರಸ್ತೆಯಲ್ಲಿ ಉಡುಗೊರೆ ಸಾಮಾನಿನ ಅಂಗಡಿ ಇಟ್ಟಿದ್ದ ಹೆಂಗಸೊಬ್ಬಳು ಬಾಟಲಿಗಳನ್ನು ನೋಡಿ ಮೆಚ್ಚಿದಳು. "ಮೆಣಸಿನಕಾಯಿದು ಚೆನ್ನಾಗಿದೆ. ಬೆಳ್ಳುಳ್ಳಿದು ಮಾಡಲ್ವಾ? ಗಾಜಿನೊಳಗೆ ಬಿಳೀ ಎಸಳು, ಜೊತೆಗೊಂದು ಹಸಿರು ಕಡ್ಡಿ ಕಾಣಬೇಕು ನೋಡಿ. ಜನ ಬಾಯಿಗಿಂತ ಮುಂಚೆ ಕಣ್ಣಲ್ಲಿ ತಿಂತಾರೆ."

ಆ ಮಾತು ಅವಳಿಗೆ ಹಿಡಿಸಿತು. ಬಿಳಿ ಎಸಳು ಬಿಳಿಯಾಗಿಯೇ ಉಳಿಯಬೇಕಾದರೆ ಕಾಯಿಸಬಾರದು. ಹಸಿ ಎಸಳನ್ನೇ ಸಿಪ್ಪೆ ಸುಲಿದು ಬಾಟಲಿಗೆ ಇಳಿಸಿದಳು, ಕುಂಡದಲ್ಲಿ ಬೆಳೆದ ಸೊಪ್ಪಿನ ಎಳೆ ಕಡ್ಡಿ ನಿಲ್ಲಿಸಿದಳು, ಉಗುರು ಬೆಚ್ಚಗಿನ ಎಣ್ಣೆ ಕುತ್ತಿಗೆಯವರೆಗೂ ಸುರಿದಳು. ಎಣ್ಣೆಯೊಳಗೆ ಮುಳುಗಿದ್ದು ಕೆಡುವುದಿಲ್ಲ ಎನ್ನುವುದು ಅವಳ ಅಮ್ಮ ಹೇಳಿದ ಮಾತು, ಅಮ್ಮನಿಗೆ ಅವಳಮ್ಮ ಹೇಳಿದ ಮಾತು. ಸಾಲಾಗಿ ಅಡುಗೆಮನೆಯ ಕಿಟಕಿಯ ಹಲಗೆಯ ಮೇಲಿಟ್ಟಳು. ಬಿಸಿಲು ಬಿದ್ದಾಗ ಬಾಟಲಿಗಳು ದೀಪದ ಹಾಗೆ ಹೊಳೆದವು. ಇಂಥ ಚಂದದ ಕೆಲಸ ತನ್ನ ಕೈಯಿಂದ ಆಗಿದೆಯಲ್ಲ ಎಂದು ಅವಳು ಬೇರೆ ಕೆಲಸ ಬಿಟ್ಟು ಅವುಗಳ ಮುಂದೆ ನಿಂತುಕೊಳ್ಳುತ್ತಿದ್ದಳು. ಕೆಲವು ದಿನಗಳ ಮೇಲೆ ಎಸಳುಗಳ ಸುತ್ತ ಸಾಸಿವೆಯಂಥ ಗುಳ್ಳೆಗಳೆದ್ದವು. ಪರಿಮಳ ಇಳಿಯುತ್ತಿದೆ ಎಂದುಕೊಂಡಳು.

ಚೆನ್ನಾಗಿ ಇಳಿಯಲಿ ಎಂದು ಇನ್ನಷ್ಟು ದಿನ ಬಿಟ್ಟು ಒಂದು ಬಾಟಲಿ ತೆರೆದಳು. ಮುಚ್ಚಳ 'ಟುಸ್' ಅಂತು.

"ನೋಡಿ, ನಿಮಗೇ ಕಾಯ್ತಾ ಇದ್ದಂಗಿದೆ" ಎಂದು ಗಂಡನ ತಟ್ಟೆಗೆ ಸುರಿದಳು.

ಅವನು ಬ್ರೆಡ್ಡು ಅದ್ದಿ ತಿಂದ. ಎಸಳನ್ನೂ ಚಮಚದಲ್ಲಿ ಎತ್ತಿ ತಿಂದ. "ಇದರ ಮುಂದೆ ಮೆಣಸಿನಕಾಯಿದು ಏನೂ ಅಲ್ಲ ಬಿಡು" ಅಂದ. ಮರುದಿನವೂ ಕೇಳಿ ಹಾಕಿಸಿಕೊಂಡ.

ಅದರ ಮರುದಿನ ಬೆಳಿಗ್ಗೆ ಅಂಗಡಿಗೆ ಬಾಟಲಿ ಕೊಡಬೇಕಿತ್ತು. ಚೀಟಿ ಬರೆಯಲು ಅವನು ಊಟದ ಮೇಜಿನ ಮುಂದೆ ಕೂತ. ಅವಳು ಬಾಟಲಿಗಳ ಮೈ ಒರೆಸುತ್ತಿದ್ದಳು. ಅವನು ಎದ್ದು ನೀರು ಕುಡಿದ. ಕೂತ. ಮತ್ತೆ ಎದ್ದು ನೀರು ಕುಡಿದ. ಮೂರನೆಯ ಸಲ ತಂಬಿಗೆಯನ್ನೇ ತಂದು ಪಕ್ಕದಲ್ಲಿಟ್ಟುಕೊಂಡ. ಅವಳ ಕೈ ಒರೆಸುವುದನ್ನು ನಿಲ್ಲಿಸಿತು.

"ಯಾಕೆ ಅಷ್ಟು ನೀರು?"

"ಬಾಯಿ ಒಣಗ್ತಿದೆ. ಕಣ್ಣಿಗೂ ಏನೋ ಆಗಿದೆ ಕಣೇ. ಎಲ್ಲಾ ಎರಡೆರಡು ಕಾಣ್ತಿದೆ."

ಅವಳು ಬಂದು ಚೀಟಿ ನೋಡಿದಳು. ಬೆಳ್ಳುಳ್ಳಿ ಎನ್ನುವ ಪದ ಅವನಿಗೆ ಬಲು ಇಷ್ಟ. ಳಕಾರದ ಸುರುಳಿ, ಅದರ ಕಾಲಡಿಗೆ ಜೋತುಬಿದ್ದ ಒತ್ತು, ಎರಡೆರಡು ಸಲ ಬರೆಯಬಹುದಲ್ಲ ಎಂದು ಕುಣಿಯುತ್ತಿದ್ದ. ಈಗ ಒತ್ತುಗಳು ಅಕ್ಷರದ ಕೆಳಗಿರಲಿಲ್ಲ. ಒಂದು ಪಕ್ಕಕ್ಕೆ ಸರಿದಿತ್ತು, ಇನ್ನೊಂದು ಚೀಟಿಯ ಅಂಚು ದಾಟಿ ಮೇಜಿನ ಮೇಲೆ ಬಿದ್ದಿತ್ತು. ಗೆರೆ ಹಾವಿನಂತೆ ಹರಿದಿತ್ತು.

ಅವಳು ಅವನ ಮುಖ ನೋಡಿದಳು. ರೆಪ್ಪೆಗಳು ಅರ್ಧಕ್ಕೆ ಇಳಿದಿದ್ದವು. ಆ ಮುಖ ಅವಳಿಗೆ ಗುರುತಿತ್ತು. ವರ್ಷಗಟ್ಟಲೆ ನೋಡಿದ ಮುಖ. 

"ನಿನ್ನೆ ಸಂಜೆ ಎಲ್ಲಿಗೆ ಹೋಗಿದ್ರಿ?"

"ಬಣ್ಣ ತರೋಕೆ. ಹೇಳೇ ಹೋಗಿದ್ನಲ್ಲ." ನಾಲಗೆ ದಪ್ಪವಾಗಿತ್ತು. ಮಾತು ಮೂಗಿನಿಂದ ಬಂದ ಹಾಗಿತ್ತು.

"ಎಲ್ಲಿ, ಬಾಯಿ ಊದು."

ಬಹಳ ಕಾಲದ ಮೇಲೆ ಆ ಮಾತು ಆ ಮನೆಯಲ್ಲಿ ಕೇಳಿಸಿತು. ಅವನು ತಲೆಯೆತ್ತಿ ಅವಳನ್ನು ನೋಡಿದ. ನೋಡಲು ತಲೆಯನ್ನೇ ಹಿಂದಕ್ಕೆ ವಾಲಿಸಬೇಕಾಯಿತು, ರೆಪ್ಪೆ ಮೇಲೇಳುತ್ತಿರಲಿಲ್ಲ. ಊದಿದ. ಹಸಿ ಬೆಳ್ಳುಳ್ಳಿಯ ಘಾಟು ಅವಳ ಮುಖಕ್ಕೆ ಬಡಿಯಿತು.

ಅಷ್ಟು ಸಾಕಾಯಿತು. ತಾನೇ ಬಡಿಸಿದ ಬೆಳ್ಳುಳ್ಳಿ ಅದು ಎನ್ನುವುದು ಅವಳಿಗೆ ಹೊಳೆಯಲಿಲ್ಲ ಎಂದಲ್ಲ. ಹೊಳೆಯಿತು. ಆದರೆ ಹೊಳೆದದ್ದು ಹೀಗೆ: ಎಷ್ಟು ಜಾಣ, ನನ್ನ ಎಣ್ಣೆಯನ್ನೇ ಮರೆ ಮಾಡಿಕೊಂಡು ಆ ಎಣ್ಣೆ ಹಾಕಿದ್ದಾನೆ.

"ನಿನ್ನಾಣೆಗೂ ಕುಡಿದಿಲ್ಲ ಕಣೇ" ಅಂದ ಅವನು.

"ಆಣೆ ಬೇರೆ! ನನ್ನ ತಲೆ ಮೇಲೆ ಎಷ್ಟು ಆಣೆ ಇಟ್ಟಿದ್ದೀಯ ನೀನು? ಕೂದಲಿಗಿಂತ ಜಾಸ್ತಿ ಆಗಿರಬೇಕು. ಏಳು. ಏಳು ಇಲ್ಲಿಂದ. ನನ್ನ ಬಾಟಲಿ ಮುಟ್ಟಬೇಡ."

ಅವನು ಏಳಲು ಹೋದ. ಮೊಣಕಾಲು ತಡವರಿಸಿತು. ಅದನ್ನೂ ಅವಳು ತನ್ನ ಲೆಕ್ಕಕ್ಕೇ ಸೇರಿಸಿಕೊಂಡಳು. ಗೋಡೆ ಹಿಡಿದು, ಬಾಗಿಲ ಚೌಕಟ್ಟು ಹಿಡಿದು, ಹಿತ್ತಲಿನ ಬಟ್ಟೆ ಒಣಹಾಕುವ ಕಂಬ ಹಿಡಿದು ಅವನು ಶೆಡ್ಡಿನ ಕಡೆ ನಡೆದ. ಕೈ ತೋರಿಸುವ ಕೆಲಸವೇ ಬೀಳಲಿಲ್ಲ. ಹಳೆಯ ಕಾನೂನು ಅವನಿಗೂ ಮರೆತಿರಲಿಲ್ಲ.

ಅವಳು ಅಣ್ಣನಿಗೆ ಫೋನು ಮಾಡಿದಳು. ಅಳು ಬಂತು, ಮಾತಾಡಲಾಗಲಿಲ್ಲ. ಅವನಿಗೆ ಮಾತು ಬೇಕಾಗಿಯೂ ಇರಲಿಲ್ಲ.

"ಶುರು ಮಾಡ್ಕೊಂಡ್ನಾ? ನಾನು ಹೇಳಿರಲಿಲ್ವಾ. ಈ ಸಲ ನೀನು ಕರಗಬೇಡ. ಬಿದ್ದಿರಲಿ ಅಲ್ಲೇ. ಊಟಾನೂ ಕೊಡಬೇಡ. ಬುದ್ಧಿ ಬರಲಿ."

ಅವಳು ಕರಗಲಿಲ್ಲ. ಅಂಗಡಿಯವಳಿಗೆ ಚೀಟಿ ಕೆಟ್ಟಿದೆ, ಇವತ್ತು ಬಾಟಲಿ ಕೊಡಲಾಗುವುದಿಲ್ಲ ಎಂದು ಹೇಳಿ ಕಳಿಸಿದಳು. ಇಡೀ ದಿನ ಮನೆ ಗುಡಿಸಿದಳು, ಒರೆಸಿದಳು, ಒರೆಸಿದ್ದನ್ನೇ ಒರೆಸಿದಳು. ಮಧ್ಯಾಹ್ನ ಶೆಡ್ಡಿನ ಕಡೆಯಿಂದ ಡಬ್ಬಿ ಉರುಳಿದ ಸದ್ದಾಯಿತು. ಸಿಟ್ಟಿನಲ್ಲಿ ಒದೆಯುತ್ತಿದ್ದಾನೆ ಎಂದುಕೊಂಡಳು. ಒಂದು ತಟ್ಟೆಯಲ್ಲಿ ಊಟ ಬಡಿಸಿ ಹಿತ್ತಲ ಬಾಗಿಲವರೆಗೆ ಹೋದಳು. ಅಣ್ಣನ ಮಾತು ನೆನಪಾಗಿ ನಿಂತಳು. ತಟ್ಟೆಯನ್ನು ಮತ್ತೆ ಮೇಜಿನ ಮೇಲಿಟ್ಟು ಮುಚ್ಚಿದಳು.

ಸಂಜೆಯ ಮುಂಚೆ ನಾದಿನಿ ಬಂದಳು. ಗೆರೆಯಣ್ಣನ ತಂಗಿ, ಬಟ್ಟೆ ಇಸ್ತ್ರಿ ಮಾಡುವ ಅಂಗಡಿ ನಡೆಸುವವಳು. ಅಂಗಡಿಗೆ ಹೊಸ ಬೋರ್ಡ್ ಬರೆಸಬೇಕೆಂದು ಬಂದಿದ್ದಳು.

"ಎಲ್ಲಿ ಅತ್ತಿಗೆ, ಅಣ್ಣ?"

"ಶೆಡ್ಡಲ್ಲಿದ್ದಾನೆ. ನಿಮ್ಮಣ್ಣ ಹಳೇ ಮನೆಗೆ ಹೋಗಿದ್ದಾನೆ."

ನಾದಿನಿಗೆ ಅರ್ಥವಾಯಿತು, ಮುಖ ಬಾಡಿತು. ನೇರ ಹಿತ್ತಲಿಗೆ ಹೋದಳು. ಆಮೇಲೆ ಕೇಳಿಸಿದ್ದು ಅವಳ ಕೂಗು.

ಅವನು ಗೋಡೆಗೆ ಒರಗಿ ಕೂತಿದ್ದ. ತಲೆ ಎದೆಯ ಮೇಲೆ ಬಿದ್ದಿತ್ತು. ಜೊಲ್ಲು ಅಂಗಿಯನ್ನೆಲ್ಲ ನೆನೆಸಿತ್ತು, ನುಂಗಲು ಆಗುತ್ತಿರಲಿಲ್ಲ. ಒಂದು ಕೈಯ ಬೆರಳಿನಿಂದ ಒಂದು ಕಣ್ಣಿನ ರೆಪ್ಪೆಯನ್ನು ಎತ್ತಿ ಹಿಡಿದುಕೊಂಡಿದ್ದ, ಬಾಗಿಲ ಕಡೆ ನೋಡಲು. ಉಸಿರು ಮೇಲುಮೇಲೆ ಆಡುತ್ತಿತ್ತು. ಪಕ್ಕದಲ್ಲಿ ಕೆಂಪು ಬಣ್ಣದ ಡಬ್ಬಿ ಉರುಳಿತ್ತು, ತೊಡೆಯ ಮೇಲೊಂದು ಹಲಗೆಯಿತ್ತು. ಅದರಲ್ಲಿ ಅಕ್ಷರಗಳನ್ನು ಒಂದರ ಮೇಲೊಂದು ಹತ್ತಿಸಿ, ಮಗು ಗೀಚಿದ ಹಾಗೆ ಬರೆದಿದ್ದ: ಕುಡಿದಿಲ್ಲ.

"ಅತ್ತಿಗೆ, ಇದು ಕುಡಿತ ಅಲ್ಲ" ಅಂದಳು ನಾದಿನಿ. "ಗಾಡಿ ಕರೀರಿ."

ಆಸ್ಪತ್ರೆಯ ತುರ್ತು ಕೋಣೆಯಲ್ಲಿ ಜನವೋ ಜನ. ಚಿಕ್ಕ ವಯಸ್ಸಿನ ಡಾಕ್ಟರ್ ಒಬ್ಬ ಓಡುತ್ತಲೇ ಬಂದು ಅವನ ಕಣ್ಣಿಗೆ ಬೆಳಕು ಬಿಟ್ಟು, ಅವಳ ಕಡೆ ತಿರುಗಿ ಕೇಳಿದ, "ಕುಡೀತಾರಾ?"

ಇಲ್ಲ ಎನ್ನಬಹುದಿತ್ತು. ಗೊತ್ತಿಲ್ಲ ಎಂದರೂ ಆಗುತ್ತಿತ್ತು. ಅವಳ ಬಾಯಿಂದ ಬಂದದ್ದು: "ಹೂಂ. ಬಿಟ್ಟಿದ್ರು. ಈಗ ಮತ್ತೆ..."

ಡಾಕ್ಟರ್ ತಲೆಯಾಡಿಸಿ, ಒಂದು ಬಾಟಲಿ ಗ್ಲೂಕೋಸ್ ಹಾಕಲು ಹೇಳಿ ಮುಂದಿನ ಮಂಚಕ್ಕೆ ಹೋದ. ಗೆರೆಯಣ್ಣ ಮಂಚದ ಮೇಲೆ ಮಲಗಿದ್ದ. ಕಣ್ಣು ಮುಚ್ಚಿತ್ತು. ಪ್ರಜ್ಞೆ ತಪ್ಪಿದೆ ಎಂದುಕೊಂಡಿದ್ದಳು ಅವಳು. ತಪ್ಪಿರಲಿಲ್ಲ. ಅವನಿಗೆ ಬಂದಿದ್ದ ಕಾಯಿಲೆಯಲ್ಲಿ ಪ್ರಜ್ಞೆ ತಪ್ಪುವುದಿಲ್ಲ, ಮೈ ಒಂದೊಂದೇ ಬಾಗಿಲು ಹಾಕಿಕೊಳ್ಳುತ್ತಾ ಹೋದರೂ ಒಳಗಿರುವವನು ಎಚ್ಚರವಾಗಿಯೇ ಇರುತ್ತಾನೆ ಎನ್ನುವುದು ಅವಳಿಗೆ ಆಮೇಲೆ ತಿಳಿಯಿತು. ಅವನು ಅವಳ ಮಾತನ್ನು ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದ.

ನಾದಿನಿ ಸುಮ್ಮನಿರಲಿಲ್ಲ. ಕಂಡ ಬಿಳಿ ಕೋಟಿಗೆಲ್ಲ ಅಡ್ಡ ನಿಂತಳು. ಕೊನೆಗೆ ಹಿರಿಯ ಡಾಕ್ಟರಮ್ಮನೊಬ್ಬಳು ಬಂದಳು. ಅವನ ರೆಪ್ಪೆ ಎತ್ತಿ ನೋಡಿದಳು, ಕಿವಿಯ ಹತ್ತಿರ ಬಾಗಿ, "ನನ್ನ ಮಾತು ಕೇಳಿಸ್ತಿದ್ರೆ ಬೆರಳು ಹಿಡೀರಿ" ಅಂದಳು. ಅವನು ಹಿಡಿದ. ಡಾಕ್ಟರಮ್ಮ ಎದ್ದು ನಿಂತು ಅವಳನ್ನು ಕೇಳಿದಳು.

"ಈ ಎರಡು ಮೂರು ದಿನದಲ್ಲಿ ಏನು ತಿಂದಿದ್ದಾರೆ? ಡಬ್ಬಿಲಿ, ಬಾಟಲೀಲಿ ತುಂಬಿಟ್ಟಿದ್ದು ಏನಾದ್ರೂ?"

"ಹೊರಗಿಂದು ಏನೂ ಇಲ್ಲ. ನಾನೇ ಮನೇಲಿ ಮಾಡಿದ ಬೆಳ್ಳುಳ್ಳಿ ಎಣ್ಣೆ, ಅಷ್ಟೇ" ಅಂದಳು ಅವಳು. ದನಿಯಲ್ಲಿ ಆಗಲೂ ಚೂರು ಹೆಮ್ಮೆಯಿತ್ತು.

"ಕಾಯಿಸಿದ್ರಾ, ಹಸೀನಾ?"

"ಹಸಿ. ಬಿಳೀ ಇರಲಿ ಅಂತ."

"ಫ್ರಿಜ್ಜಲ್ಲಿಟ್ಟಿದ್ರಾ?"

"ಕಿಟಕೀಲಿ. ಪರಿಮಳ ಇಳೀಲಿ ಅಂತ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬೆಳ್ಳುಳ್ಳಿ ಮಣ್ಣಲ್ಲಿ ಬೆಳೆಯೋದು, ಮಣ್ಣಲ್ಲಿರೋ ಒಂದು ಕ್ರಿಮಿ ಅದಕ್ಕೆ ಅಂಟಿಕೊಂಡಿರಬಹುದು, ಗಾಳಿ ಇರೋ ಕಡೆ ಅದು ಏನೂ ಮಾಡಲ್ಲ, ಎಣ್ಣೆಯೊಳಗೆ ಗಾಳಿ ಇರಲ್ಲ, ಬೆಚ್ಚಗಿದ್ದರೆ ಅಲ್ಲೇ ಬೆಳೆದು ವಿಷ ಮಾಡುತ್ತೆ, ಅದಕ್ಕೆ ವಾಸನೆ ಇಲ್ಲ, ರುಚಿ ಇಲ್ಲ ಎಂದು ನೆಲ ನೋಡಿಕೊಂಡು ಹೇಳಿದಳು. ಎದುರು ಮದ್ದು ಇದೆ, ಇನ್ನೊಂದು ಊರಿನ ದೊಡ್ಡ ಆಸ್ಪತ್ರೆಯಿಂದ ತರಿಸಬೇಕು ಅಂದಳು.

"ಅದು ಬಂದ್ರೆ ಸರಿ ಹೋಗ್ತಾರಲ್ವಾ?"

"ಇನ್ನೂ ಓಡಾಡ್ತಿರೋ ವಿಷಾನ ಅದು ತಡೆಯುತ್ತಮ್ಮ. ಆಗಲೇ ಹಿಡಿದಿರೋ ಕಡೆ ಬಿಡಿಸಲ್ಲ. ಅದಕ್ಕೇ ಬೆಳಿಗ್ಗೆನೇ ಕರ್ಕೊಂಡು ಬರಬೇಕಿತ್ತು."

ಮದ್ದು ಬರುವ ಮೊದಲೇ ಉಸಿರು ನಿಲ್ಲುವ ಹಾಗಾಗಿ, ಅವನ ಗಂಟಲಿಗೆ ಕೊಳವೆ ಇಳಿಸಿ ಯಂತ್ರಕ್ಕೆ ಜೋಡಿಸಿದರು.

ಅಣ್ಣ ಒಂದು ಚೀಲ ಕಿತ್ತಳೆ ಹಣ್ಣು ಹಿಡಿದು ಬಂದ. ಗಂಟಲಲ್ಲಿ ಕೊಳವೆ ಇರುವವನಿಗೆ ಕಿತ್ತಳೆ! ಗಾಜಿನಾಚೆಯಿಂದ ಭಾವನನ್ನು ನೋಡಿ, ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ.

"ನಾನೇನೋ ಫೋನಲ್ಲಿ ಒಂದು ಮಾತು ಅಂದೆ. ನೀನೂ ಹಾಗೇ ಮಾಡಿಬಿಡೋದಾ?"

ಅವಳು ಅವನ ಮುಖವನ್ನೇ ನೋಡಿದಳು. ಹುಟ್ಟಿದಂದಿನಿಂದ ನೋಡಿದ ಮುಖ. ಕಿತ್ತಳೆಯ ಚೀಲವನ್ನು ಅವನ ಕೈಗೇ ವಾಪಸ್ಸು ಕೊಟ್ಟು ಬೆನ್ನು ತಿರುಗಿಸಿದಳು. ಅಣ್ಣ ತಂಗಿಯ ಮಾತು ಅಂದಿಗೆ ನಿಂತಿತು.

ಬೀದಿಯಲ್ಲಿ ಕ್ಷೌರದಂಗಡಿಯವನಿಗೆ ಹೊಸ ಮಾತು ಸಿಕ್ಕಿತ್ತು. ಆ ಎಣ್ಣೆ ಅಷ್ಟು ವರ್ಷ ಕುಡಿದರೂ ಸಾಯದವನು ಈ ಎಣ್ಣೆ ಎರಡು ಚಮಚಕ್ಕೆ ಮಲಗಿದ ಎಂದು. ಈ ಸಲ ಅವಳಿಗೆ ನಗು ಬರಲಿಲ್ಲ. ಆದರೆ ಸುಳ್ಳು ಎನ್ನಲೂ ಆಗಲಿಲ್ಲ.

ಬೆರಳುಗಳಿಗೆ ಸ್ವಲ್ಪ ಜೀವ ಬಂದಾಗ ದಾದಿಯೊಬ್ಬಳು ಅಕ್ಷರಮಾಲೆಯ ಹಾಳೆ ತಂದು ಅವನ ಮುಂದೆ ಹಿಡಿದಳು. ಅಕ್ಷರದ ಮೇಲೆ ಒಂದೊಂದಾಗಿ ಬೆರಳಿಡುತ್ತಾ ಹೋಗುವುದು, ಬೇಕಾದ್ದು ಬಂದಾಗ ಅವನು ಕೈ ಅಲುಗಿಸುವುದು. ಅವಳು ಹಾಳೆಯನ್ನು ತಾನೇ ತೆಗೆದುಕೊಂಡಳು. ಬೈಗುಳ ಬಂದರೆ ಬರಲಿ, ತನ್ನ ಕೈಯಲ್ಲೇ ಬರಲಿ ಎಂದುಕೊಂಡಳು. ಅವನು ಒಂದೇ ಪದ ಹೇಳಿದ. ಬಾಟಲಿ.

ಅವಳಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ನಾದಿನಿಗೆ ಆಯಿತು. "ಮಿಕ್ಕ ಬಾಟಲಿ ಯಾರಿಗಾದ್ರೂ ಕೊಟ್ಟಿದ್ದೀರಾ ಅಂತ ಕೇಳ್ತಿದ್ದಾನೆ ಅತ್ತಿಗೆ."

"ಇಲ್ಲರೀ, ಒಂದೂ ಹೋಗಿಲ್ಲ. ಚೀಟಿ ಸರಿಯಾಗಿರಲಿಲ್ಲವಲ್ಲ, ಅದಕ್ಕೆ ಕಳಿಸಲಿಲ್ಲ. ಎಲ್ಲಾನೂ ಆಸ್ಪತ್ರೆಯವರೇ ಬಂದು ತಗೊಂಡು ಹೋದ್ರು" ಅಂದಳು. ಹೇಳುತ್ತಾ ಹೇಳುತ್ತಾ ಅವಳಿಗೆ ತಡೆಯಲಾಗಲಿಲ್ಲ, ಹಾಳೆಯನ್ನು ಮುಖಕ್ಕೆ ಒತ್ತಿಕೊಂಡಳು. ಅವನು ರೆಪ್ಪೆ ಇಳಿಸಿದ. ತಾನಾಗಿಯೇ ಇಳಿಯಿತೋ, ಅವನೇ ಇಳಿಸಿದನೋ, ಹೇಳುವುದು ಕಷ್ಟವಿತ್ತು.

ಯಂತ್ರ ಬಿಡಿಸಲು ವಾರಗಳೇ ಹಿಡಿದವು. ನಿಲ್ಲಲು, ನುಂಗಲು, ಮಾತಾಡಲು ತಿಂಗಳುಗಳು. ಮನೆಗೆ ಬಂದಾಗ ಅವನ ದನಿ ಕಾಗದ ಉಜ್ಜಿದ ಹಾಗೆ ತೆಳ್ಳಗಾಗಿತ್ತು. ಕುಂಚ ಹಿಡಿದರೆ ಕೈ ಅಷ್ಟರಲ್ಲೇ ಸೋಲುತ್ತಿತ್ತು. ಅವಳು ಗಂಜಿ ಕುಡಿಸಿದಳು, ಕಾಲು ತಿಕ್ಕಿದಳು, ಸ್ನಾನ ಮಾಡಿಸಿದಳು. ಒಲೆಯ ಮೇಲೆ ಎಣ್ಣೆ ಇಡಲೇ ಇಲ್ಲ, ಎಲ್ಲವನ್ನೂ ನೀರಲ್ಲಿ ಬೇಯಿಸಿದಳು. ಅವನು ಬಡಿಸಿದ್ದನ್ನು ಉಣ್ಣುತ್ತಿದ್ದ. ಸಾಕು, ಬೇಕು, ಇಲ್ಲಿಡು, ಬೇಡ. ಅಷ್ಟು ಬಿಟ್ಟು ಮಾತಿಲ್ಲ.

ಒಂದು ಮಧ್ಯಾಹ್ನ ಅವಳೇ ಕೇಳಿದಳು. "ಒಂದು ಸಲ ಬೈದುಬಿಡಿ. ವಿಷ ಹಾಕಿದೆ ಅನ್ನಿ. ಹೀಗೆ ಮಾತಾಡದೆ ಕೊಲ್ಲಬೇಡಿ."

ಅವನು ಕಿಟಕಿಯ ಖಾಲಿ ಹಲಗೆಯ ಕಡೆ ತಿರುಗಿದ. "ಬೆಳ್ಳುಳ್ಳಿ ವಿಷಯ ಬಿಡು. ಅದರಲ್ಲಿ ಏನಿದೆ ಅಂತ ನಿನಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದ್ರೆ ನನ್ನೊಳಗೆ ಏನಿದೆ ಅಂತ ನಿನಗೆ ಗೊತ್ತಿತ್ತಲ್ಲೇ. ನೀನು ದಿನಾ ನೋಡ್ತಿದ್ದೆ. ಆದ್ರೂ ಡಾಕ್ಟರ್ ಕೇಳಿದಾಗ ನೀನು ಹೂಂ ಅಂದೆ."

ಅವಳಿಗೆ ಅಳುವ ಬದಲು ಸಿಟ್ಟು ಬಂತು. ಎಷ್ಟೋ ವರ್ಷದ ಸಿಟ್ಟು. "ಆ ಅನುಮಾನ ನಾನು ತವರಿಂದ ತಂದಿದ್ದಲ್ಲ. ನೀರು ಕುಡಿದ್ರೆ ಅನುಮಾನ ಪಡು, ಬೆಳ್ಳುಳ್ಳಿ ವಾಸನೆ ಬಂದ್ರೆ ಅನುಮಾನ ಪಡು ಅಂತ ನನಗೆ ಕಲಿಸಿದ್ದು ಯಾರು? ಹೊಸ್ತಿಲಲ್ಲಿ ನಿಲ್ಲಿಸಿ ನಿಲ್ಲಿಸಿ ನಾನು ಕಾವಲುಗಾರ್ತಿಯಾಗಿದ್ದು ಯಾರಿಂದ?"

"ನನ್ನಿಂದ" ಅಂದ ಅವನು. ತಕ್ಷಣ ಅಂದ, ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡವನ ಹಾಗೆ. "ನಾನೇ ಕಲಿಸಿದ್ದು. ಅದಕ್ಕೇ ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟಿದ್ದಿದ್ರೆ ಬೈದು ಇಲ್ಲೇ ಇರ್ತಿದ್ದೆ."

ಮಾತಿನ ಕೊನೆ ಅವಳಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

"ಎಲ್ಲಿಗೆ ಹೋಗ್ತೀರ?"

"ತಂಗಿ ಮನೆಗೆ. ಅಂಗಡೀಲಿ ಬಟ್ಟೆ ಮಡಚೋಕೆ ಒಬ್ಬರು ಬೇಕಂತೆ. ಕೂತು ಮಾಡೋ ಕೆಲಸ."

ಜಗಳವಿಲ್ಲದೆ ಹೋದ. ಬಟ್ಟೆಗಳನ್ನು ಅವಳೇ ಪೆಟ್ಟಿಗೆಗೆ ಹಾಕಿಕೊಟ್ಟಳು. ಕುಂಚಗಳನ್ನು ಹಾಕಲೇ ಎಂದು ಕೇಳಿದಳು, ಬೇಡ ಅಂದ. ನಾದಿನಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡು, "ಬಂದು ಹೋಗ್ತಿರಿ ಅತ್ತಿಗೆ" ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ಅದೇ ಹೆಚ್ಚು ಚುಚ್ಚಿತು.

ಅವಳಿಗೆ ಒಂದು ಈಜುಕೊಳದ ಟಿಕೆಟ್ ಕಿಟಕಿಯಲ್ಲಿ ಕೆಲಸ ಸಿಕ್ಕಿತು. ಮತ್ತೆ ಗಾಜಿನ ಹಿಂದೆ ಕೂತಳು. ಸಂಜೆ ಮನೆಗೆ ಬಂದರೆ ಯಾರನ್ನೂ ತಡೆಯಬೇಕಿಲ್ಲ, ಯಾರಿಗೂ ಕಾಯಬೇಕಿಲ್ಲ. ಗೇಟಿನ ಚಿಲಕ ಗಾಳಿಗೆ ಅಲುಗಿದರೂ ಕಿವಿ ಮಾತ್ರ ನೆಟ್ಟಗಾಗುತ್ತಿತ್ತು. ಹಾಳು ಕಿವಿ, ಅದಕ್ಕೆ ಬಿಡುವೆಂಬುದೇ ಇಲ್ಲ ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು.

ತಿಂಗಳಿಗೊಮ್ಮೆ ಅವನನ್ನು ಆಸ್ಪತ್ರೆಗೆ ತೋರಿಸಬೇಕಿತ್ತು. ನಾದಿನಿಗೆ ಅಂಗಡಿ ಬಿಟ್ಟು ಬರಲಾಗುತ್ತಿರಲಿಲ್ಲ. ಹೀಗಾಗಿ ಆ ಒಂದು ದಿನ ಅವಳೇ ಹೋಗುತ್ತಿದ್ದಳು. ಒಳ್ಳೆಯ ಸೀರೆ ಉಟ್ಟುಕೊಳ್ಳುತ್ತಿದ್ದಳು. ಕಾಯುವ ಬೆಂಚಿನ ಮೇಲೆ ಇಬ್ಬರೂ ಪಕ್ಕಪಕ್ಕ ಕೂರುತ್ತಿದ್ದರು. ಬಿಸಿಲು ಜಾಸ್ತಿ, ಬಸ್ಸು ತಡ, ತಂಗಿಯ ಅಂಗಡಿಗೆ ಹೊಸ ಇಸ್ತ್ರಿ ಪೆಟ್ಟಿಗೆ ಬಂತು ಎಂದು ಮಾತಾಡುತ್ತಿದ್ದರು. ಅವನು ಎಂದೂ ಮುಖ ತಿರುಗಿಸಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದ.

ಒಂದು ತಿಂಗಳು ಬಾಗಿಲಲ್ಲಿ ಹೊಸ ದಾದಿ ಇದ್ದಳು. ಅವನ ಹೆಸರು ಕೂಗಿ, ಅವನು ಕೋಲೂರಿ ಎದ್ದದ್ದನ್ನು ನೋಡಿ, "ಜೊತೆಗೆ ಯಾರಾದ್ರೂ ಬಂದಿದ್ದಾರಾ? ಒಳಗೆ ಅವರೂ ಬರಲಿ" ಅಂದಳು. ಬೆಂಚಿನ ಮೇಲಿದ್ದ ಅವಳನ್ನು ಕಂಡು, "ಇವರು ಯಾರು ನಿಮಗೆ?" ಅಂದಳು.

ಅವನು ತಿರುಗಿ ಅವಳನ್ನು ನೋಡಿದ. ಕಣ್ಣು ಈಗ ಚೆನ್ನಾಗಿಯೇ ತೆರೆಯುತ್ತಿತ್ತು. 

"ಪರಿಚಯದವರು" ಅಂದ.

ಅದರಲ್ಲಿ ಸೇಡಿರಲಿಲ್ಲ, ಕುಹಕವಿರಲಿಲ್ಲ. ಸರಿಯಾದ ಪದ ಹುಡುಕಿ ಹೇಳಿದ್ದ, ಅಷ್ಟೇ. ದಾದಿ ತಲೆಯಾಡಿಸಿ ಬಾಗಿಲು ಹಿಡಿದು ನಿಂತಳು. ಅವಳು ಎದ್ದು, ಸೆರಗು ಸರಿಮಾಡಿಕೊಂಡು, ಬೆಂಚಿನ ಮೇಲೆ ಅವನು ಮರೆತ ಔಷಧಿಯ ಚೀಲ ಎತ್ತಿಕೊಂಡು, ಅವನ ಹಿಂದೆ ಒಳಗೆ ಹೋದಳು.